ಅಕ್ಕನ ಹೆಸರು

ಹಾಸ್ಟೆಲ್ಲಿನ ಪ್ರತಿ ಹುಡುಗಿಯ ಕಷ್ಟಸುಖ ಕೇಳಲು ವಾರಕ್ಕೊಮ್ಮೆ ಒಬ್ಬ ಅಕ್ಕ ಬರುತ್ತಾಳೆ ಎಂದು ಆ ಸಂಸ್ಥೆ ಹೇಳಿಕೊಂಡಿತ್ತು. ಅದು ನಿಜವೇ ಎಂದು ದಾನಿಗಳ ಪರವಾಗಿ ನೋಡುವ ತಪಾಸಕಿ ಈ ವರ್ಷವೂ ಬಂದಿದ್ದಳು. ಎಂದಿನಂತೆ ಎದುರಿಗಿದ್ದ ಹುಡುಗಿಗೆ ಕಡಲೆಮಿಠಾಯಿ ಕೊಟ್ಟು ಮಾತಿಗೆ ಕೂತಳು.

"ನಿನ್ನ ಅಕ್ಕ ಬರ್ತಾರಾ?"

"ಮರೀದೆ ಬರ್ತಾರೆ."

"ಬಂದು ಏನ್ ಮಾಡ್ತಾರೆ?"

"ಹತ್ರ ಕೂತ್ಕೋತಾರೆ. ಊಟ ಸೇರುತ್ತಾ, ರಾತ್ರಿ ನಿದ್ದೆ ಬರುತ್ತಾ ಅಂತ ಕೇಳ್ತಾರೆ. ನಾನು ಮಾತಾಡೋವಾಗ ಫೋನ್ ನೋಡಲ್ಲ."

ಆಕೆಗೆ ಸಮಾಧಾನವಾಯಿತು. ಇಂಥ ಸಂಸ್ಥೆಗೆ ದಾನಿಗಳು ಕಣ್ಣು ಮುಚ್ಚಿ ಕೊಡಬಹುದು.

"ಅವರ ಹೆಸರೇನು?"

ಹುಡುಗಿ ಮಿಠಾಯಿಯನ್ನು ಮುಷ್ಟಿಯಲ್ಲೇ ಹಿಡಿದುಕೊಂಡು ತಲೆ ತಗ್ಗಿಸಿದಳು.

"ಹೋದ ವರ್ಷಾನೂ ನೀವು ನಿಮ್ಮ ಹೆಸರು ಹೇಳ್ಲಿಲ್ಲ, ಅಕ್ಕಾ."