ಸಡಿಲ ಹಗ್ಗ

ಕುದುರೆ ಪಳಗಿಸಲು ಬಂದಿದ್ದ ಚೂಡಾಮಣಿ ಮೇಡಂ ಕೈ ತೊಳೆಯಲು ನಲ್ಲಿಯ ಕಡೆ ಹೋದದ್ದೇ ತಡ, ಚಿಕ್ಕಬೈರಪ್ಪ ಹೊಂಗೆ ಮರಕ್ಕೆ ನೇತುಹಾಕಿದ್ದ ಆಕೆಯ ಚೀಲಕ್ಕೆ ಕೈ ಹಾಕಿದ. ಗೊರಸಿನ ಮಣ್ಣು ಕೆದಕುವ ಕೊಕ್ಕೆ ಸಿಕ್ಕಿತು, ಮೈ ಉಜ್ಜುವ ಬ್ರಷ್ ಸಿಕ್ಕಿತು, ಅರ್ಧ ಚಿತ್ರಾನ್ನ ಉಳಿದಿದ್ದ ಡಬ್ಬಿ ಸಿಕ್ಕಿತು. ಡಬ್ಬಿಯ ಮುಚ್ಚಳ ತೆಗೆದು ಮೂಸಿಯೂ ನೋಡಿದ. ಕುದುರೆಗೆ ಕೊಡುವ ಮದ್ದಿನ ವಾಸನೆ ಇರಲಿಲ್ಲ. ಅನುಮಾನ ಇನ್ನಷ್ಟು ಬಲವಾಯಿತು. ಹಾಗಾದರೆ ಜೇಬಿನಲ್ಲೇ ಇಟ್ಟುಕೊಂಡಿದ್ದಾಳೆ.

ಮೂರು ತಿಂಗಳಿಂದ ಚಂದ್ರಿ ಯಾರನ್ನೂ ಹತ್ತಿರ ಬಿಟ್ಟುಕೊಂಡಿರಲಿಲ್ಲ. ಓಟ ನಿಲ್ಲಿಸಿದ ಆ ರೇಸು ಕುದುರೆಯನ್ನು ಮಗಳು ಶ್ವೇತಳ ಆಸೆಗೆಂದು ಕೊಂಡು, ಗೊಟ್ಟಿಗೆರೆಯಲ್ಲಿ ಸೈಟುಗಳಾಗದೆ ಉಳಿದಿದ್ದ ಒಂದೇ ಒಂದು ರಾಗಿ ಹೊಲದಲ್ಲಿ ಲಾಯ ಕಟ್ಟಿಸಿದ್ದ. ಯುಗಾದಿ ಕಳೆದ ವಾರವೇ ಅದು ಶ್ವೇತಳನ್ನು ಕೆಡವಿತು. ಅವಳ ಕೈ ಮುರಿಯಿತು. ಆಮೇಲೆ ಹಗ್ಗ ಕಂಡರೆ ಸಾಕು, ಚಂದ್ರಿ ಮೂಲೆಗೆ ಓಡುತ್ತಿತ್ತು. ಅಂಥದ್ದನ್ನು ಈ ಹೆಂಗಸು ಚಾವಟಿ ಇಲ್ಲದೆ, ಗದರಿಕೆ ಇಲ್ಲದೆ ಎರಡೇ ದಿನಕ್ಕೆ ತನ್ನ ಹಿಂದೆ ಸುತ್ತಿಸಿಕೊಳ್ಳುತ್ತಿದ್ದಳು. ಕುದುರೆ, ಸವಾರರಿಗೆ ಪಾಠ ಹೇಳುವ ಈ ಶಿಬಿರಕ್ಕೆ ಕ್ಲಿನಿಕ್ ಅಂತ ಹೆಸರು ಬೇರೆ. ಡಾಕ್ಟರೇ ಇಲ್ಲದ ಕ್ಲಿನಿಕ್ಕು!

“ಏನೋ ತಿನ್ನಿಸ್ತಿದ್ದಾಳೆ ಕಣಮ್ಮಾ,” ಎಂದ ಮಗಳ ಹತ್ತಿರ ಹೋಗಿ. “ಅಮಲು ಇಳಿದ ಮೇಲೆ ಮತ್ತೆ ಕೆಡವುತ್ತೆ. ಇವತ್ತು ಹತ್ತಬೇಡ.”

“ಇವತ್ತು ಕೊನೇ ದಿನ ಅಪ್ಪಾ. ನೆಲದ ಮೇಲಿನ ಪಾಠ ಸರಿಯಾಗಿ ಬಂದ್ರೇನೇ ಸವಾರಿ ಅಂತ ಮೇಡಂ ಹೇಳಿದಾರೆ.”

ಮೇಡಂ ವಾಪಸು ಬಂದ ಮೇಲೆ, ಕಬ್ಬಿಣದ ಪೈಪಿನ ಬೇಲಿ ಹಾಕಿದ ಗುಂಡನೆಯ ಕಣದೊಳಗೆ ಶ್ವೇತ ಹೋದಳು. ಚಂದ್ರಿಗೆ ಕಟ್ಟಿದ ಹಗ್ಗದ ತುದಿಯನ್ನು ಸ್ವಲ್ಪವೇ ಅಲ್ಲಾಡಿಸಿದಳು. ಚಂದ್ರಿ ಎರಡು ಹೆಜ್ಜೆ ಹಿಂದೆ ಸರಿಯಿತು. ಭುಜ ಇಳಿಸಿ ಪಕ್ಕಕ್ಕೆ ತಿರುಗಿ ನಿಂತಳು. ಕುದುರೆ ಯೋಚಿಸಿತು, ಬಾಯಿ ಚಪ್ಪರಿಸಿತು, ಬಂದು ಅವಳ ಮೊಣಕೈಗೆ ಮೂಗು ತಾಗಿಸಿತು. ಹಗ್ಗ ನೆಲ ಮುಟ್ಟುವಷ್ಟು ಸಡಿಲವಾಗಿತ್ತು. ಬೇಲಿಯಾಚೆ ಪಾಠಕ್ಕೆ ಬಂದಿದ್ದ ಬಿಟಿಎಂ ಲೇಔಟಿನ ನಿಂಗರಾಜ, “ಭಾರಿ ಆತ್ ನೋಡ್ರೀ!” ಎಂದು ಚಪ್ಪಾಳೆ ತಟ್ಟಿದ.

ಚಿಕ್ಕಬೈರಪ್ಪನಿಗೆ ತಡೆಯಲಾಗಲಿಲ್ಲ. “ಮೇಡಂ, ನಿಮ್ಮ ಜೇಬಲ್ಲಿ ಏನಿದೆ ಸ್ವಲ್ಪ ತೋರಿಸ್ತೀರಾ?”

ಚೂಡಾಮಣಿ ಎರಡೂ ಜೇಬುಗಳನ್ನು ಹೊರಗೆಳೆದು ತೋರಿಸಿದಳು. ಕರವಸ್ತ್ರ, ಮೊಬೈಲು, ಅಷ್ಟೆ. ಆಕೆಗೆ ಸಿಟ್ಟು ಬರಲಿಲ್ಲ. “ನಂಬಿಕೆ ಬರ್ದಿದ್ರೆ ನೀವೇ ಒಳಗೆ ಬಂದು ಹಗ್ಗ ಹಿಡೀರಿ ಸಾರ್.”

ಎಲ್ಲರ ಎದುರಿಗೆ ಒಲ್ಲೆ ಎನ್ನುವುದು ಹೇಗೆ? ಒಳಗೆ ಹೋಗಿ ಹಗ್ಗ ಹಿಡಿದ. ಚಂದ್ರಿಯ ಕುತ್ತಿಗೆ ಮರದ ತೊಲೆಯ ಹಾಗೆ ಸೆಟೆದುಕೊಂಡಿತು. ಚಿಕ್ಕಬೈರಪ್ಪನ ಹಣೆಯಲ್ಲಿ ಬೆವರು ಇಳಿಯಿತು. ಒರೆಸಿಕೊಳ್ಳಲು ಹೆಗಲ ಮೇಲಿನ ಟವಲಿಗೆ ಬಲಗೈ ಎತ್ತಿದ. ಅಷ್ಟಕ್ಕೇ ಕುದುರೆ ಹಗ್ಗ ಕಿತ್ತುಕೊಂಡು ಹಿಂದಕ್ಕೆ ನೆಗೆದು, ಬೇಲಿಗೆ ಹಿಂಭಾಗ ಬಡಿದು, ಗಡಗಡ ನಡುಗುತ್ತಾ ನಿಂತಿತು.

“ಗಂಡಸರು ಕಂಡ್ರೆ ಆಗಲ್ಲ ಅದಕ್ಕೆ,” ಎಂದ ಬೇಗ ಬೇಗ. “ಲಾಯದ ಕೆಲಸಕ್ಕಿದ್ದ ಆ ದ್ಯಾಮಣ್ಣ ಹಾಗೆ ಹೊಡೆದಿದ್ದ.”

ಚೂಡಾಮಣಿ ಚಿಕ್ಕಬೈರಪ್ಪನನ್ನು ಹೊರಕ್ಕೆ ಕಳಿಸಿದಳು. ಚಂದ್ರಿಯ ನಡುಕ ನಿಲ್ಲುವವರೆಗೆ ಕಾದು, ಅವನ ಟವಲನ್ನೇ ನಿಂಗರಾಜನಿಗೆ ಕೊಟ್ಟಳು. “ಹೆಗಲ ಮೇಲೆ ಹಾಕ್ಕೊಂಡು ಹೋಗಿ, ಅವರ ಹಾಗೇ ಕೈ ಎತ್ತಿ.” ನಿಂಗರಾಜ ಹೆದರುತ್ತಲೇ ಹೋದ, ಕೈ ಎತ್ತಿದ. ಚಂದ್ರಿ ಒಂದು ಕಿವಿ ತಿರುಗಿಸಿತು. ಟವಲನ್ನು ಮೂಸಿತು. ಸುಮ್ಮನಾಯಿತು.

ಶ್ವೇತ ಅಪ್ಪನ ಕಡೆ ತಿರುಗಿದಳು. ಅವಳು ಆಸ್ಪತ್ರೆಯಿಂದ ಬಂದ ದಿನ ಚಂದ್ರಿಯ ಮೈಮೇಲೆ ಬಾಸುಂಡೆ ಎದ್ದಿತ್ತು. ನೋಡಿಕೊಳ್ಳುತ್ತಿದ್ದವನು ಬಾಗಲಕೋಟೆ ಕಡೆಯ ದ್ಯಾಮಣ್ಣ. “ನಾ ಹೊಡದಿಲ್ರೀ ತಂಗೀ” ಎಂದು ಅವನು ಕಣ್ಣೀರು ಹಾಕಿದ್ದ. ಅವಳು ನಂಬಿರಲಿಲ್ಲ. ಅವನು ಒಮ್ಮೆ ಯಜಮಾನನ ಮುಖ ನೋಡಿ, ಕೆಲಸ ಬಿಟ್ಟು ಟ್ರಂಕು ಹೊತ್ತು ಹೋಗಿದ್ದ.

“ಅಪ್ಪಾ, ನೀವಾ?”

ಚಿಕ್ಕಬೈರಪ್ಪ ಬೇಲಿಯ ಪೈಪು ಹಿಡಿದುಕೊಂಡ. ಅವಳು ಆಸ್ಪತ್ರೆಯಲ್ಲಿದ್ದ ಆ ಸಂಜೆ, ನೀರಿನ ಪೈಪಿನ ತುಂಡು ಕೈಗೆ ಸಿಕ್ಕಿತ್ತು. ಸುಸ್ತಾಗುವವರೆಗೂ ಹೊಡೆದಿದ್ದ. ಆಮೇಲೆ ದ್ಯಾಮಣ್ಣನ ಮೇಲೆ ಮಾತು ಬಂದಾಗ ಬಾಯಿ ಬಿಡಲು ಆಗಿರಲಿಲ್ಲ. ಒಂದು ದಿನ ಕಳೆಯಿತು, ಇನ್ನೊಂದು ಕಳೆಯಿತು, ದ್ಯಾಮಣ್ಣನೇ ಹೊಡೆದದ್ದು ಎಂದು ಅವನಿಗೂ ಅನ್ನಿಸತೊಡಗಿತ್ತು.

“ನಿನ್ನ ಕೈ ಮುರಿದಿತ್ತು ಕಣಮ್ಮಾ...”

“ನನ್ನ ಕೈ ಆರು ವಾರಕ್ಕೆ ಕೂಡ್ಕೊಳ್ತು ಅಪ್ಪಾ.” ಅವಳು ದನಿ ಏರಿಸಲಿಲ್ಲ. “ದ್ಯಾಮಣ್ಣ ಎಲ್ಲಿದಾನೆ?”

“ಪುಟ್ಟೇನಹಳ್ಳಿ ಕೆರೆ ಹತ್ರ, ಯಾವ್ದೋ ಅಪಾರ್ಟ್‌ಮೆಂಟಲ್ಲಿ ವಾಚ್‌ಮನ್ ಅಂತೆ.”

“ಗೊತ್ತಿತ್ತಾ ನಿಮಗೆ?” ಅವಳು ಗೇಟಿನ ಕಡೆ ಕೈ ತೋರಿಸಿದಳು. “ಹೋಗಿ ಕರ್ಕೊಂಡು ಬನ್ನಿ. ಹೊಡೆದಿದ್ದು ನಾನು ಅಂತ ನೀವೇ ಹೇಳಿ. ಅಲ್ಲೀವರೆಗೂ ನಾನು ಹತ್ತಲ್ಲ.”

ಚಿಕ್ಕಬೈರಪ್ಪ ಗೇಟಿನ ಕಡೆ ನಡೆದ. ಅವನು ರಸ್ತೆ ಸೇರಿ ಮರೆಯಾಗುವವರೆಗೂ ಚಂದ್ರಿ ಅವನ ಕೈಗಳನ್ನೇ ನೋಡುತ್ತಿತ್ತು.