ಸವೆದ ನಳಿಗೆ

ಅಕ್ಕನನ್ನು ಡೇರೆಯ ಕಂಬಕ್ಕೆ ಒರಗಿಸಿ ನಿಲ್ಲಿಸಿ, ಭಾವ ಅವಳ ನೆತ್ತಿಯಿಂದ ಹಿಮ್ಮಡಿಯವರೆಗೆ ಟೇಪು ಎಳೆದ. ಹೊಸ ಬಟ್ಟೆ ಹೊಲಿಸುವುದಕ್ಕಂತೆ. ಅಕ್ಕ ನಗುತ್ತ ಒಳಗೆ ಹೋದಳು. ಭಾವ ಹೋದದ್ದು ಮಾತ್ರ ದರ್ಜಿಯ ಹತ್ತಿರಕ್ಕಲ್ಲ, ಸರ್ಕಸ್ಸಿನ ಬಡಗಿಯ ಹತ್ತಿರಕ್ಕೆ.

“ಉದ್ದ ಇಷ್ಟೇ. ಮರ ಗಟ್ಟಿಯಾಗಿರಲಿ. ಭಾನುವಾರದ ಆಟ ಮುಗಿಯೋ ಹೊತ್ತಿಗೆ ತಂದುಬಿಡು.” ಭಾವ ದನಿ ತಗ್ಗಿಸಿದ. “ಅವಳಿಗೆ ತಿಳಿದರೆ ರಂಪ ಮಾಡ್ತಾಳೆ. ಬಾಯಿ ಬಿಡಬೇಡ.”

ಹಲಗೆಗಳ ರಾಶಿಯ ಹಿಂದೆ ನಿಂತಿದ್ದ ತಮ್ಮ ಗುಂಡಣ್ಣನಿಗೆ ಎಲ್ಲ ಕೇಳಿಸಿತು. ಆಳುದ್ದಕ್ಕೆ ಅಳತೆ ಕೊಟ್ಟು ಮರದಲ್ಲಿ ಮಾಡಿಸುವ ವಸ್ತು ಅವನಿಗೆ ಗೊತ್ತಿದ್ದದ್ದು ಒಂದೇ. ಅದರಲ್ಲಿ ಮಲಗಿದವರು ಏಳುವುದಿಲ್ಲ.

ಕಡ್ಡಿಯಂತಿದ್ದ ಅವನನ್ನು ಡೇರೆಯವರೆಲ್ಲ ಗುಂಡಣ್ಣ ಎನ್ನುತ್ತಿದ್ದದ್ದು ಮೈಕಟ್ಟು ನೋಡಿ ಅಲ್ಲ. ಸೀಸ ಕರಗಿಸಿ, ಅಚ್ಚಿಗೆ ಹೊಯ್ದು, ಭಾವನ ಬಂದೂಕಿಗೆ ಗುಂಡು ಮಾಡುವವನು ಅವನೇ. ಆಟ ಸಣ್ಣದು. ಅಕ್ಕ ಕೆನ್ನೆಯ ಪಕ್ಕಕ್ಕೆ ಇಸ್ಪೀಟು ಎಲೆ ಹಿಡಿದು ನಿಲ್ಲುತ್ತಾಳೆ. ಭಾವ ಅಖಾಡದ ಆ ತುದಿಯಿಂದ ಎಲೆಗೆ ಗುಂಡು ಹೊಡೆಯುತ್ತಾನೆ. ಜನ ಉಸಿರು ಬಿಡುತ್ತಾರೆ.

ಎರಡು ತಿಂಗಳ ಹಿಂದೆ ಗುಂಡಿನ ತೂತು ಎಲೆಯ ನಡು ಬಿಟ್ಟು ಹೊರ ಅಂಚಿಗೆ ಸರಿಯತೊಡಗಿತ್ತು. ಭಾವ ನೇರ ಗುಂಡಣ್ಣನ ಒಲೆಯ ಮುಂದೆ ಬಂದು ನಿಂತಿದ್ದ.

“ನಿನ್ನ ಸೀಸ ನನ್ನ ಬಂದೂಕಿನ ನಳಿಗೆ ತಿಂದುಹಾಕ್ತು ಕಣೋ.”

“ಬೆಣ್ಣೆ ಎಲ್ಲಾದರೂ ಚಾಕು ತಿನ್ನುತ್ತಾ ಭಾವ? ದಿನಾ ಬಾಯಿ ಕಡೆಯಿಂದ ಕಬ್ಬಿಣದ ಸಲಾಕೆ ತುರುಕಿ ಗಸಗಸ ಉಜ್ಜೋರು ಯಾರು? ಬಟ್ಟೇಲಿ ಅರ್ಧ ಮರಳು. ಅದು ತಿಂದಿರೋದು. ಬಾಯಿ ಒಂದೇ ಕಡೆ ಸವೆದು ಓರೆಯಾಗಿದೆ, ಬೆರಳಿಟ್ಟು ನೋಡಿ. ಪೆಟ್ಟಿಗೇಲಿ ಇನ್ನೊಂದು ನಳಿಗೆ ಹಾಗೇ ಇದೆಯಲ್ಲ, ಅದನ್ನ ಹಾಕಿ.”

“ಅದನ್ನೂ ನಿನ್ನ ಸೀಸದ ಬಾಯಿಗೆ ಹಾಕಲಾ?” ಭಾವ ಬಂದೂಕನ್ನು ಎದೆಗೆ ಅವಚಿಕೊಂಡ. “ಬಂದೂಕು ಅಂದರೆ ಹೆಂಡತಿ ಇದ್ದ ಹಾಗೆ. ಇದರ ಓರೆಕೋರೆ ನನಗೆ ಗೊತ್ತು, ನಾನು ಹೊಂದಿಕೊಂಡು ಹೋಗ್ತೀನಿ. ನೀನು ಮುಟ್ಟಿದರೆ ಕೈ ಮುರೀತೀನಿ.”

ವಾರ ಕಳೆಯುವುದರೊಳಗೆ ತೂತು ಮತ್ತೆ ಎಲೆಯ ನಡುವಿಗೆ ಬಂತು. ನಳಿಗೆ ಮಾತ್ರ ಅದೇ ಸವೆದ ನಳಿಗೆ. ಅಕ್ಕನ ಅದೃಷ್ಟ ಎಂದುಕೊಂಡ ಗುಂಡಣ್ಣ. ಆದರೂ ನಿದ್ದೆ ಬರುತ್ತಿರಲಿಲ್ಲ. ಆಚೆಗೆ ಎಳೆದ ನಳಿಗೆ ಒಂದು ದಿನ ಈಚೆಗೆ, ಅಕ್ಕನ ಕಡೆಗೆ, ಎಳೆದರೆ?

ಬಡಗಿಗೆ ಕೊಟ್ಟ ಅಳತೆ ಈಗ ಎಲ್ಲ ಬಿಡಿಸಿ ಹೇಳಿದಂತಾಯಿತು. ಸವೆದ ನಳಿಗೆ ಭಾವನಿಗೆ ಬೇಕಾಗಿಯೇ ಇದೆ. ಅವನು ಗುರಿ ಎಲೆಗೇ ಇಡುತ್ತಾನೆ. ತಪ್ಪುವ ಕೆಲಸವನ್ನು ನಳಿಗೆಗೆ ಬಿಟ್ಟು ಕಾಯುತ್ತಾನೆ. ತಪ್ಪಿದ ದಿನ, ಬಂದೂಕು ಕೆಟ್ಟಿತ್ತು, ಭಾಮೈದನ ಸೀಸ ಕೆಡಿಸಿತ್ತು ಎಂದು ಗೋಳಾಡುತ್ತಾನೆ. ಮರದ ಪೆಟ್ಟಿಗೆ ಆಗಲೇ ಸಿದ್ಧವಿರುತ್ತದೆ.

ಅಕ್ಕ ಆಟದ ಲಂಗಕ್ಕೆ ತೇಪೆ ಹಾಕುತ್ತ ಕೂತಿದ್ದಳು.

“ಅಕ್ಕಾ, ನಿಂಗೂ ಭಾವಂಗೂ ಏನಾದರೂ ಜಗಳಾನ?”

“ಜಗಳ ಇಲ್ಲದ ದಿನ ಯಾವುದು ಅಂತ ಕೇಳು, ಹೇಳ್ತೀನಿ.”

“ಮೊದಲು ಕಣ್ಣು ಬಿಟ್ಕೊಂಡು ನಗ್ತಾ ನಿಲ್ತಿದ್ದೆ. ಈಗ ಯಾಕೆ ಕಣ್ಣು ಮುಚ್ಕೊಳ್ತೀಯ?”

ಸೂಜಿ ನಿಂತಿತು. “ಈಚೆಗೆ ಆ ನಳಿಗೆ ಬಾಯಿ ನೋಡೋಕಾಗಲ್ಲ ಕಣೋ.”

“ಹಾಗಾದರೆ ನಿಲ್ಲಬೇಡ.”

“ನಾನು ನಿಲ್ಲದಿದ್ದರೆ ನಿನ್ನ ಗುಂಡು ಹುರಿದು ತಿನ್ನೋಣವಾ?” ಅಕ್ಕ ದಾರವನ್ನು ಹಲ್ಲಿನಲ್ಲಿ ಕಡಿದಳು. “ಹೋಗು, ಒಲೆ ಆರುತ್ತೆ.”

ಭಾನುವಾರ ಮಧ್ಯಾಹ್ನ ಭಾವ ಸರ್ಕಸ್ಸಿನ ಯಜಮಾನನ ಜೊತೆ ಏನೋ ವಾದಕ್ಕೆ ಹೋಗಿದ್ದ. ಗುಂಡಣ್ಣ ಬಂದೂಕಿನ ಪೆಟ್ಟಿಗೆ ತೆರೆದ. ಎಣ್ಣೆ ಬಟ್ಟೆಯಲ್ಲಿ ಸುತ್ತಿಟ್ಟಿದ್ದ ನಳಿಗೆ ಕನ್ನಡಿಯಂತಿತ್ತು. ಹಳೆಯದನ್ನು ಬಿಚ್ಚಿ ಹೊಸದನ್ನು ಕೂರಿಸಿದ. ಹೊರಗಿನಿಂದ ಎರಡೂ ಒಂದೇ ಥರ, ತಾಯಿಗೂ ಗುರುತು ಸಿಗದ ಅವಳಿಗಳ ಹಾಗೆ. ಕುದುರೆ ಲಾಯದ ಹಿಂದೆ ಹಲಗೆ ನಿಲ್ಲಿಸಿ ಮೂರು ಸಲ ಹೊಡೆದು ನೋಡಿದ. ಮೂರೂ ಗುಂಡು ಒಂದೇ ತೂತಿಗೆ ಹೋದವು. ಕಣ್ಣು ಎಲ್ಲೋ ಗುಂಡು ಅಲ್ಲೇ, ಕೂದಲೆಳೆಯಷ್ಟೂ ಆಚೀಚೆ ಇಲ್ಲ.

ಇನ್ನು ಕಾಯಲಿ ಮಗ, ಎಂದುಕೊಂಡ. ಬಂದೂಕನ್ನು ಮೊದಲಿದ್ದಲ್ಲೇ ಇಟ್ಟ. ಎಷ್ಟೋ ದಿನಗಳ ಮೇಲೆ ಹೊಟ್ಟೆ ತುಂಬ ಉಂಡ.

ಸಂಜೆಯ ಆಟ. ನಗಾರಿ ನಿಂತಿತು. ಅಕ್ಕ ಎಲೆ ಎತ್ತಿ ಹಿಡಿದು ಕಣ್ಣು ಮುಚ್ಚಿದಳು. ಪರದೆಯ ಸಂದಿಯಲ್ಲಿ ನಿಂತ ಗುಂಡಣ್ಣ ಇವತ್ತು ಬೆವರಲಿಲ್ಲ. ಭಾವ ಬಂದೂಕನ್ನು ಹೆಗಲಿಗೆ ಒತ್ತಿ, ಎಂದಿನಂತೆ ನಿಧಾನವಾಗಿ ಗುರಿ ಹಿಡಿದ.

ಸದ್ದಾಯಿತು. ಎಲೆಗೆ ಏನೂ ಆಗಲಿಲ್ಲ. ಅದನ್ನು ಹಿಡಿದಿದ್ದ ಅಕ್ಕ ಕುಸಿದು ಬಿದ್ದಳು. ಮತ್ತೆ ಅಲುಗಲಿಲ್ಲ.

ಗುಂಡಣ್ಣ ಅಖಾಡಕ್ಕೆ ನುಗ್ಗಿ ಭಾವನ ಕುತ್ತಿಗೆ ಹಿಡಿದ. “ಅಳತೆ ತಗೊಂಡು ಪೆಟ್ಟಿಗೆ ಮಾಡಿಸಿ ಹೊಡೆದೆಯಲ್ಲೋ ಪಾಪಿ.”

ಆಗಲೇ ಪರದೆ ಸರಿಸಿಕೊಂಡು ಬಡಗಿ ಬಂದ. ಅವನ ಹೆಗಲ ಮೇಲೆ ಇದ್ದದ್ದು ಪೆಟ್ಟಿಗೆಯಲ್ಲ, ಅಕ್ಕನಷ್ಟೇ ಎತ್ತರದ ಮರದ ಬೊಂಬೆ. ಇಸ್ಪೀಟು ಎಲೆ ಸಿಕ್ಕಿಸಲು ಬೆರಳುಗಳ ನಡುವೆ ಸೀಳು ಬಿಟ್ಟಿದ್ದ.

“ನಾಳೆಯಿಂದ ಅಕ್ಕ ನಿಲ್ಲೋದು ಬೇಡ, ಇದನ್ನ ನಿಲ್ಲಿಸ್ತೀನಿ ಅಂದಿದ್ರು...” ಎಂದವನು ನೆಲದ ಮೇಲೆ ಬಿದ್ದಿದ್ದವಳನ್ನು ಕಂಡು ಬೊಂಬೆಯನ್ನು ಕೆಳಗಿಳಿಸಿದ.

ಗುಂಡಣ್ಣನ ಕೈ ಸಡಿಲವಾಯಿತು. ಭಾವ ಅವನತ್ತ ನೋಡಲೇ ಇಲ್ಲ. ನಳಿಗೆಯ ಬಾಯಿಯ ಸುತ್ತ ಹೆಬ್ಬೆರಳು ಆಡಿಸುತ್ತಿದ್ದ, ಒಂದು ಸುತ್ತು, ಇನ್ನೊಂದು ಸುತ್ತು. ಎಲ್ಲೂ ಸವೆದಿರಲಿಲ್ಲ.

“ಹಳೇದು ನಾಲ್ಕು ಬೆರಳು ಆಚೆ ಎಳೀತಿತ್ತು,” ಎಂದ. “ಅದಕ್ಕೇ ದಿನಾ ನಾನು ಅವಳ ಕಣ್ಣಿಗೇ ಗುರಿ ಇಡ್ತಿದ್ದೆ.”