ಗೆಂಡೆ ಮೀನಿನ ವಾರಸುದಾರರು

ಸೇರ್ಪಡೆ ಅರ್ಜಿಯ ಕೊನೆಯಲ್ಲಿ ‘ಮೇಲೆ ಹೇಳಿದ ಕನಸು ನನ್ನದೇ’ ಎಂಬ ಸಾಲಿತ್ತು. ಅದರ ಕೆಳಗೆ ಸಹಿ ಹಾಕಲು ಮಲ್‌ಸುನ್ ಅಜ್ಜಿ ಒಪ್ಪಲಿಲ್ಲ.

“ನಂದಲ್ಲ ಅಂತ ತಾನೇ ನಾನಿಲ್ಲಿಗೆ ಬಂದಿರೋದು,” ಎಂದಳು.

ಚುನ್‌ಚನ್ ಊರಿನ ಗ್ರಂಥಾಲಯದ ಮಹಡಿಯಲ್ಲಿ ಶನಿವಾರ ಮಧ್ಯಾಹ್ನ ಸೇರುವ ‘ಅಂತರಾಳ ಬಳಗ’ಕ್ಕೆ ಹನ್ನೊಂದು ಮಂದಿ ಸದಸ್ಯರು. ಕನಸಿನ ಜಾಡು ಹಿಡಿದು ಮನಸ್ಸಿನ ತಳದಲ್ಲಿ ಏನಿದೆ ಎಂದು ಹುಡುಕುವುದು ಅವರ ಕೆಲಸ. ಹೊಸಬರು ಒಂದು ಕನಸು ಹೇಳಿಯೇ ಒಳಗೆ ಬರಬೇಕು. ಮಲ್‌ಸುನ್‌ಗೆ ಅರವತ್ತೇಳು, ಮಾರ್ಕೆಟ್ಟಿನಲ್ಲಿ ಕೋಸಿನ ಉಪ್ಪಿನಕಾಯಿ, ಕಿಮ್ಚಿ, ಮಾರುತ್ತಾಳೆ. ಅವಳ ಕನಸಿನಲ್ಲಿ, ಕೋಸು ನೆನೆಹಾಕಿದ್ದ ಉಪ್ಪುನೀರಿನ ತೊಟ್ಟಿಯಿಂದ ಮೊಳದುದ್ದದ ಹಳದಿ ಗೆಂಡೆ ಮೀನೊಂದು ಚಿಮ್ಮಿ ನೇರ ಅವಳ ಮಡಿಲಿಗೆ ಬಿದ್ದಿತ್ತು. ನಮ್ಮಲ್ಲಿ ಇದಕ್ಕೆ ಅರ್ಥ ಹೇಳಲು ಪ್ರೊಫೆಸರ್ ಬೇಕಿಲ್ಲ, ಬಸ್ಸಿನಲ್ಲಿ ಪಕ್ಕ ಕೂತವರೂ ಹೇಳುತ್ತಾರೆ. ಯಾರೋ ಬಸಿರಾಗುತ್ತಾರೆ. ಕನಸು ತಾಯಿಗೇ ಬೀಳಬೇಕೆಂದಿಲ್ಲ, ಅತ್ತೆಗೋ ಪಕ್ಕದ ಮನೆಯವಳಿಗೋ ಬಿದ್ದರೂ ನಡೆಯುತ್ತದೆ.

“ಮಗಳನ್ನ ಕೇಳ್ದೆ. ಮದುವೆನೇ ಬೇಡ ಅಂತಾಳೆ, ಎರಡು ಬೆಕ್ಕು ಸಾಕ್ಕೊಂಡಿದಾಳೆ. ನಮ್ಮ ಬೀದೀಲಿರೋರೆಲ್ಲ ನನ್ನ ವಾರಿಗೆಯವರೇ. ನೀವು ಕನಸಿನ ಜನ, ವಾರಸುದಾರರನ್ನ ಹುಡುಕಿ ಕೊಡ್ತೀರ ಅಂತ ಬಂದೆ.”

ಬಳಗ ಕಟ್ಟಿದ ಪ್ರೊಫೆಸರ್ ಸೊನ್ ಕನ್ನಡಕ ತೆಗೆದು ಒರೆಸಿಕೊಂಡರು. “ಮಲ್‌ಸುನ್ ಅವರೇ, ಕನಸು ಕಂಡವರದ್ದೇ. ನಿಮ್ಮೊಳಗೇ ಏನೋ ಹುಟ್ಟೋಕೆ ಕಾಯ್ತಿದೆ.”

“ಅರವತ್ತೇಳಕ್ಕೆ?”

“ಮೀನು ಅಂದ ತಕ್ಷಣ ನಿಮಗೇನು ನೆನಪಾಗುತ್ತೆ?”

“ಸಾರು.”

ಕಾರ್ಯದರ್ಶಿ ಯುನ್‌ಸೊ ನಡಾವಳಿ ಪುಸ್ತಕದಲ್ಲಿ ‘ಸಾರು’ ಎಂದು ಬರೆದುಕೊಂಡಳು. ಮುಂದೆ ಅವಳ ಪೆನ್ನು ಓಡಲಿಲ್ಲ. ಅವಳಿಗೆ ನಲವತ್ತೊಂದು. ಆಸ್ಪತ್ರೆಯವರು ಜೋಪಾನ ಮಾಡಿಟ್ಟಿದ್ದ ಕೊನೆಯ ಭ್ರೂಣವನ್ನು ಬರುವ ಗುರುವಾರ ಅವಳ ಗರ್ಭಕ್ಕೆ ಸೇರಿಸುವವರಿದ್ದರು. ಹಿಂದಿನ ಎರಡೂ ನಿಂತಿರಲಿಲ್ಲ. ಇದೂ ಹೋದರೆ ಮುಗಿಯಿತು. ಈ ವಿಷಯ ಗಂಡನನ್ನು ಬಿಟ್ಟರೆ ಪ್ರೊಫೆಸರಿಗೆ ಮಾತ್ರ ಗೊತ್ತು, ಅದೂ ಎರಡು ಶನಿವಾರ ರಜೆ ಕೇಳಬೇಕಾಗಿ ಬಂದದ್ದರಿಂದ. ‘ಒಬ್ಬರ ಕನಸನ್ನು ಇನ್ನೊಬ್ಬರು ತಮ್ಮದೆನ್ನಬಾರದು, ಶಕುನ ನೋಡಬಾರದು’ ಎಂಬ ಬಳಗದ ನಾಲ್ಕನೇ ನಿಯಮ ಬರೆದವಳು ಅವಳೇ. ಎಂಟು ವರ್ಷದಿಂದ ಅದನ್ನೇ ತೋರಿಸಿ ಎಷ್ಟೋ ಜನರ ಬಾಯಿ ಮುಚ್ಚಿಸಿದ್ದಳು. ಈಗ ಅವಳಿಗೆ ಆ ಮೀನು ಬೇಕೇ ಬೇಕಿತ್ತು.

ಸಹಿಯಿಲ್ಲದ ಅರ್ಜಿಯನ್ನು ಮುಂದಿನ ತಿಂಗಳಿಗೆ ಇಡೋಣವೆಂದು ಪ್ರೊಫೆಸರ್ ಹೇಳಿದರು. ಎಲ್ಲರೂ ಬಾರ್ಲಿ ಚಹಾ ಕುಡಿದು ಎದ್ದರು. ಹನ್ನೆರಡು ಕಪ್ಪುಗಳನ್ನು ಯುನ್‌ಸೊ ಎರಡೆರಡು ಸಲ ತೊಳೆದಳು. ಹೊರಗೆ ಬಂದಾಗ ಎಲ್ಲರೂ ಹೋಗಿದ್ದರು. ಬಾಗಿಲ ಬಳಿ ಅಜ್ಜಿ ಒಬ್ಬಳೇ ಬಗ್ಗಿ ಬೂಟು ಏರಿಸಿಕೊಳ್ಳುತ್ತಿದ್ದಳು.

“ಅಮ್ಮಾ, ಆ ಕನಸು ನಂಗೆ ಮಾರ್ತೀರಾ?” ಯುನ್‌ಸೊ ಕಿವಿಯ ಓಲೆಗಳನ್ನು ಬಿಚ್ಚಿ ಅಂಗೈಯಲ್ಲಿ ಚಾಚಿದಳು. ಕನಸನ್ನು ಕೊಂಡರೆ ಅದರ ಫಲ ಕೊಂಡವರಿಗೆ ಎಂಬುದು ನಂಬಿಕೆ. ಬಿಟ್ಟಿ ಕೊಟ್ಟರೆ ಕನಸು ಕಂಡವರ ಮನೆ ಬಿಟ್ಟು ಕದಲುವುದಿಲ್ಲ, ಕೈಗೆ ಏನಾದರೂ ಕೊಡಲೇಬೇಕು.

“ತಡ ಮಾಡ್ದೆ ಕಣಮ್ಮ. ಆಗಲೇ ಮಾರಿದ್ದಾಯ್ತು.”

ಯುನ್‌ಸೊಗೆ ಅಳು ಉಕ್ಕಿ ಬಂತು. ಅಷ್ಟು ಹೊತ್ತು ಕಪ್ಪು ತೊಳೆದದ್ದಕ್ಕೆ ತನ್ನನ್ನೇ ಶಪಿಸಿಕೊಂಡಳು. “ಯಾರಿಗೆ?”

“ನಿಮ್ಮ ಮೇಷ್ಟ್ರಿಗೆ. ಹೊರಡೋಕೆ ಕೋಟು ಹಾಕ್ಕೊಂಡು ಬಂದ್ರು, ಸುತ್ತ ಯಾರೂ ಇಲ್ಲ ಅಂತ ನೋಡ್ಕೊಂಡು ಕೇಳಿದ್ರು. ಪಾಪ, ಜೇಬಲ್ಲಿ ಒಂದು ಬಸ್ ಕಾರ್ಡು ಬಿಟ್ರೆ ಏನಿಲ್ಲ. ಕೊರಳಲ್ಲಿದ್ದ ಮಫ್ಲರನ್ನೇ ಬಿಚ್ಚಿ ಕೊಟ್ಬಿಟ್ರು.” ಅಜ್ಜಿ ಚೀಲದ ಬಾಯಿ ಅಗಲಿಸಿ ತೋರಿಸಿದಳು. ಒಳ್ಳೆಯ ಉಣ್ಣೆಯದು.

“ಅವರಿಗ್ಯಾಕೆ ಅದು?”

“ನಾನೂ ಅದೇ ಕೇಳ್ದೆ. ‘ನಂಗಲ್ಲ, ಬರ್ಕೊಳ್ತಾ ಕೂತಿದ್ಲಲ್ಲ, ಆ ಹುಡುಗಿಗೆ’ ಅಂದ್ರು. ‘ಅವಳಿಗೆ ಹೇಳ್ಬೇಡಿ, ಗೊತ್ತಾದ್ರೆ ನಿಯಮ ತೋರಿಸಿ ಬೈತಾಳೆ’ ಅಂತಾನೂ ಅಂದ್ರು. ನನ್ನ ಬಾಯಿ ಎಲ್ಲಿ ನಿಲ್ಲುತ್ತೆ.” ಅಜ್ಜಿ ಚೀಲ ಹೆಗಲಿಗೇರಿಸಿದಳು. “ನನ್ನ ಅರ್ಜಿ ಹರಿದು ಹಾಕ್ಬಿಡವ್ವ. ಬಂದ ಕೆಲಸ ಆಯ್ತು.”

ಯುನ್‌ಸೊ ಕಿಟಕಿಗೆ ಹೋದಳು. ಕೆಳಗೆ ಬಸ್ ಸ್ಟಾಪಿನಲ್ಲಿ, ಬೀಳುವ ಹಿಮದಲ್ಲಿ, ಪ್ರೊಫೆಸರ್ ಸೊನ್ ಕೋಟಿನ ಕಾಲರನ್ನು ಎರಡೂ ಕೈಯಿಂದ ಬರಿಗೊರಳಿಗೆ ಒತ್ತಿ ಹಿಡಿದು ನಿಂತಿದ್ದರು.